ಮಳೆಗಾಲದಲ್ಲಿ ಚರ್ಮದ ವಸ್ತುಗಳ ಆರೈಕೆ

ಮುಂಗಾರು ಹಿಡಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮನೆಯೊಳಗಿನ ಗಾಳಿಯೂ ತೇವಗೊಳ್ಳುತ್ತದೆ. ಕೊಡಗಿನ ಅಂಚಿನ ಹಳ್ಳಿಗಳಲ್ಲಂತೂ ದಿನಗಟ್ಟಲೆ ಬಿಸಿಲಿನ ಸುಳಿವಿರದು. ಕೃಷ್ಣರಾಜನಗರದ ಕಡೆ ಮಳೆ ಕಡಿಮೆಯಾದರೂ ಗದ್ದೆಯ ಕೆಸರು ತಪ್ಪಿದ್ದಲ್ಲ. ಪಾದರಕ್ಷೆಗಳನ್ನು ಒಳಗೆ ತರುವ ವಾಡಿಕೆ ನಮ್ಮ ಮನೆಗಳಲ್ಲಿಲ್ಲ. ಅವು ಜಗಲಿಯ ಮೂಲೆಯಲ್ಲಿ ಎರಚಲಿಗೆ ನೆನೆಯುತ್ತ ಬಿದ್ದಿರುತ್ತವೆ. ಶಾಲೆ ತೆರೆಯುವಾಗ ಕಷ್ಟಪಟ್ಟು ಕೊಡಿಸಿದ ಮಕ್ಕಳ ಬೂಟು ಗೌರಿಹಬ್ಬದ ವೇಳೆಗೆ ಬಾಯಿಬಿಟ್ಟಾಗ ಅಂಗಡಿಯವನನ್ನು ದೂರುವುದು ಸುಲಭ. ಆದರೆ ಎಷ್ಟೋ ವೇಳೆ ಅದನ್ನು ಕೆಡಿಸಿದ್ದು ಆರೈಕೆಯ ಅಭಾವವೇ.

ಇಂಥ ಅನಾದರ ಹುಣಸೂರಿಗೆ ಒಪ್ಪುವಂಥದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಬೂಟು, ಬೆನ್ನುಚೀಲ ಮೊದಲಾದ ಚರ್ಮದ ಸಾಮಾನುಗಳು ಇಲ್ಲಿಯೇ ತಯಾರಾಗುತ್ತಿದ್ದವು. ತೊಗಲು ಹದಮಾಡುವ ಕಾರ್ಖಾನೆಯ ಜೊತೆಗೆ ಕಂಬಳಿಯ ಕಾರ್ಖಾನೆಯೂ ಇದ್ದಿತು. 1864ರಲ್ಲಿ ಅವು ಮುಚ್ಚಿದವು. ಆದರೂ ಅಲ್ಲಿ ಕಲಿತವರ ಕೈಚಳಕ ಊರಿನಲ್ಲಿ ಉಳಿದು, ಹುಣಸೂರಿನ ಬೂಟು ಮತ್ತು ಕಂಬಳಿಗಳ ಗುಣಮಟ್ಟ ಮೇಲಾದುದೆಂದು ಅನಂತರದ ಗೆಜೆಟಿಯರುಗಳು ಹೇಳಿವೆ.

ಚರ್ಮವೆಂದರೆ ಮುಖ ಸಿಂಡರಿಸುವ ಅಭ್ಯಾಸವೂ ಶರಣರ ಮಾರ್ಗಕ್ಕೆ ಸಲ್ಲದು. ಕಲ್ಯಾಣದಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಹೆಸರುಗಳನ್ನು ಭಕ್ತಿಯಿಂದ ನೆನೆಯುವ ನಾವು ಆ ಕಾಯಕದ ಫಲವನ್ನು ಜಗಲಿಯಲ್ಲಿ ಕೊಳೆಯಬಿಡುವುದು ಸರಿಯೇ?

ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಿಂದ ತೊಗಲನ್ನು ಹದಮಾಡುವುದು ಹಿಂದಿನ ಪದ್ಧತಿ. ಇಂದು ಹೆಚ್ಚಾಗಿ ಕ್ರೋಮ್ ಲವಣಗಳನ್ನು ಬಳಸುತ್ತಾರೆ. ಯಾವ ರೀತಿ ಹದಮಾಡಿದರೂ ಚರ್ಮದ ಎಳೆಗಳ ನಡುವೆ ಸ್ವಲ್ಪ ಜಿಡ್ಡು ಇದ್ದರೆ ಮಾತ್ರ ಅದು ಮೆತ್ತಗಿರುತ್ತದೆ. ಪದೇ ಪದೇ ನೆನೆದು ಒಣಗಿದಾಗ ಆ ಜಿಡ್ಡು ಹೋಗಿ ಚರ್ಮ ಬಿರಿಯುತ್ತದೆ. ಆದುದರಿಂದ ನೆನೆದ ಬೂಟಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆಮಾಡಿ ತುಂಬಿ, ಗಾಳಿಯಾಡುವ ನೆರಳಿನಲ್ಲಿಡಬೇಕು. ಕಾಗದ ಒದ್ದೆಯಾದಂತೆ ಬದಲಿಸಬೇಕು. ಬೇಗ ಒಣಗಲೆಂದು ಒಲೆಯ ಬಳಿ ಇಡುವವರುಂಟು; ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿನ ಬಿಸಿಯನ್ನು ನೆಚ್ಚುವವರೂ ಇಲ್ಲದಿಲ್ಲ. ಎಲೆಯ ದಂಟು ಒಣಗುವ ಹಂತದಲ್ಲಿ ಬ್ಯಾರನ್ನಿನೊಳಗಿನ ಕಾವು ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಸಿ ಚರ್ಮ ಅಷ್ಟು ಕಾವಿಗೆ ಸುಕ್ಕುಗಟ್ಟಿ ಹಲಗೆಯಂತಾಗುತ್ತದೆ. ಬಳಿಕ ಎಷ್ಟು ಎಣ್ಣೆ ಸವರಿದರೂ ಹಿಂದಿನಂತಾಗದು.

ಪೂರ್ತಿ ಒಣಗಿದ ಮೇಲೆ ಪಾಲಿಶ್ ಹಾಕಬಹುದು. ದಪ್ಪ ಚರ್ಮದ ಚಪ್ಪಲಿಗಾದರೆ ನಾಲ್ಕು ಹನಿ ಹರಳೆಣ್ಣೆಯನ್ನು ಬಟ್ಟೆಗೆ ತಾಗಿಸಿ ತೆಳುವಾಗಿ ಸವರಿದರೆ ಸಾಕು. ಎಣ್ಣೆ ಹೆಚ್ಚಾದರೆ ಧೂಳು ಅಂಟುತ್ತದೆ, ಬಣ್ಣ ಕಪ್ಪಾಗುತ್ತದೆ. ಬೂಷ್ಟು ಹಿಡಿದ ಬೆಲ್ಟು, ಚೀಲಗಳನ್ನು ಹೊರಗೆ ಒಯ್ದು ಒಣಬಟ್ಟೆಯಿಂದ ಒರೆಸಿ, ಸ್ಪಿರಿಟ್ಟಿಗೆ ಸಮನಾಗಿ ನೀರು ಬೆರೆಸಿ ಬಟ್ಟೆಯಲ್ಲಿ ಹಗುರವಾಗಿ ಸವರಬಹುದು. ಮೊದಲು ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸುವುದು ಕ್ಷೇಮ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಮರಳುತ್ತದೆ. ಹಳೆಯ ಹತ್ತಿಬಟ್ಟೆಯೇ ಲೇಸು. ಬೈಕ್ ಏರುವ ಮಕ್ಕಳ ಚರ್ಮದ ಜಾಕೆಟ್ಟನ್ನು ಮಡಿಸದೆ ಅಗಲವಾದ ಹ್ಯಾಂಗರಿನಲ್ಲಿ ತೂಗುಹಾಕಬೇಕು. ಚರ್ಮದಂತೆ ತೋರುವ ರೆಕ್ಸಿನ್ನಿಗೆ ಈ ಉಪಚಾರಗಳು ಬೇಡ, ಒದ್ದೆ ಬಟ್ಟೆಯೇ ಸಾಕು.

ಕಂಬಳಿಯ ಶತ್ರು ನುಸಿ. ಬೆವರು, ಕೊಳೆಯಿದ್ದ ಕಡೆ ಅದು ಮೊದಲು ತಿನ್ನುತ್ತದೆ. ಬಿಸಿಲು ಬಿದ್ದ ದಿನ ಒದರಿ ಒಣಗಿಸಿ, ಪೂರ್ತಿ ಒಣಗಿದ ಬೇವಿನೆಲೆಯೊಡನೆ ಪೆಟ್ಟಿಗೆಯಲ್ಲಿಡುವುದು ನಮ್ಮ ಅಜ್ಜಿಯಂದಿರ ರೂಢಿ.

ಹೊಲಿಗೆ ಒಂದೆರಡು ಎಳೆ ಬಿಟ್ಟಾಗಲೇ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗುವುದು ಲೇಸು. ಅವರನ್ನು ಏಕವಚನದಲ್ಲಿ ಕರೆದು ಐದು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡಾಗ ನಮಗೆ ಹರಳಯ್ಯನವರ ನೆನಪಾಗುತ್ತದೆ. ಕೆಸರು ತೊಳೆಯದ ಜೋಡನ್ನು ಅವರ ಕೈಗೆ ಕೊಡಬಾರದು. ಒಣಗಿಸಿಯೇ ಒಯ್ಯಬೇಕು, ನೆನೆದು ಮೆತ್ತಗಾದ ಚರ್ಮವನ್ನು ದಾರ ಸೀಳುವ ಸಂಭವವುಂಟು.