ಪಬ್ಬಿನ ಮೂಲೆಯಲ್ಲಿ ಹುಟ್ಟಿದ ಎಡ್ಡಿ

2007ರ ಮಾರ್ಚ್ 17ರ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನುಡಿಸಿತು. ಅಲ್ಲಿ ಎತ್ತ ನೋಡಿದರೂ ಕಪ್ಪು ಟೀ ಶರ್ಟು, ಅದರ ಮೇಲೆ ಹಲ್ಲು ಕಿರಿದ ಒಂದು ಪ್ರೇತದ ಮುಖ. ಈಶಾನ್ಯದ ಊರುಗಳಿಂದ ರೈಲು ಹತ್ತಿ ಬಂದ ಹುಡುಗರ ಎದೆಯ ಮೇಲೂ ಅದೇ. ಹೆಸರು ಎಡ್ಡಿ. ಆ ಹೆಸರಿನ ಮುಖ ಮೊದಲು ಜನರ ಕಣ್ಣಿಗೆ ಬಿದ್ದದ್ದು ಲಂಡನ್ನಿನ ಪಬ್ಬುಗಳಲ್ಲಿ, ಮೀನಿನ ತೊಟ್ಟಿಯ ಪಂಪೊಂದರ ನೆರವಿನಿಂದ.

ಸ್ಟೀವ್ ಹ್ಯಾರಿಸ್ ಎಂಬ ಪೂರ್ವ ಲಂಡನ್ನಿನ ಹುಡುಗ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಬಾಸ್ ಗಿಟಾರಿನ ಹುಚ್ಚು. 1975ರ ಕ್ರಿಸ್‌ಮಸ್ ದಿನ ಐರನ್ ಮೇಡನ್ ಕಟ್ಟಿದ. ಇನ್ನೂ ಹೆಸರು ಮಾಡದ ಬ್ಯಾಂಡಿಗೆ ದೊಡ್ಡ ಸಭಾಂಗಣ ಕೊಡುವವರು ಯಾರು? ಸ್ಟ್ರಾಟ್‌ಫರ್ಡಿನ ‘ಕಾರ್ಟ್ ಅಂಡ್ ಹಾರ್ಸಸ್’, ಈಸ್ಟ್ ಹ್ಯಾಮಿನ ‘ರಸ್ಕಿನ್ ಆರ್ಮ್ಸ್’ ಪಬ್ಬುಗಳು ಬಾಗಿಲು ತೆರೆದವು. ಅಷ್ಟರಲ್ಲಿ ಪಂಕ್ ಸಂಗೀತದ ಅಲೆ ಎದ್ದಿತು. ಕೂದಲು ಕತ್ತರಿಸಿಕೊಂಡು ಪಂಕ್ ನುಡಿಸಿ ಎಂದು ಸಂಗೀತ ಕಂಪನಿಗಳ ಕಡೆಯವರು ಬುದ್ಧಿ ಹೇಳಿದರು. ಹ್ಯಾರಿಸ್ ಕೇಳಲಿಲ್ಲ. ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಆ ಪ್ರದೇಶದ ಹುಡುಗರು ಮಾತ್ರ ವಾರವಾರವೂ ಬಂದರು.

ವೇದಿಕೆಯ ಹಿಂದೆ, ಡ್ರಮ್ಮಿನ ಮೇಲೆ ಒಂದು ಮುಖವಾಡ ತೂಗುತ್ತಿತ್ತು. ಕಾರ್ಯಕ್ರಮದ ಕೊನೆಯ ಹಾಡಿಗೆ ಪಂಪು ಚಾಲೂ ಆಗಿ, ಮುಖವಾಡದ ಬಾಯಿಂದ ಕೆಂಪು ಬಣ್ಣದ ನೀರು ಡ್ರಮ್ಮರನ ನೆತ್ತಿಗೆ ಸುರಿಯುತ್ತಿತ್ತು. ಅದನ್ನು ಎಲ್ಲರೂ ‘ಹೆಡ್’ ಎನ್ನುತ್ತಿದ್ದರು. ನಮ್ಮ ಹಳೇ ಮೈಸೂರಿನ ಕಡೆ ಹಾಲು ‘ಆಲು’ ಆಗುವಂತೆ ಪೂರ್ವ ಲಂಡನ್ನಿನವರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲ. ಹೆಡ್ ‘ಎಡ್’ ಆಯಿತು, ಎಡ್ ಎಡ್ಡಿಯಾಯಿತು. ಹಣವಿದ್ದಿದ್ದರೆ ಆ ಪಂಪು ಬರುತ್ತಿರಲಿಲ್ಲ, ಎಡ್ಡಿಯೂ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ನಗರದ ಇನ್ನೊಂದು ತುದಿಯ ಕಿಂಗ್ಸ್‌ಬರಿಯಲ್ಲಿ ನೀಲ್ ಕೇ ಎಂಬ ಡಿಜೆ ಪಬ್ಬಿಗಂಟಿದ ಹಾಲಿನಲ್ಲಿ ಬರೀ ಹೆವಿ ಮೆಟಲ್ ಹಾಡಿನ ತಟ್ಟೆಗಳನ್ನೇ ಹಾಕುತ್ತಿದ್ದ. ಆ ಜಾಗದ ಹೆಸರು ‘ಸೌಂಡ್‌ಹೌಸ್’. ಬಂದವರು ಹಲಗೆಯಲ್ಲಿ ಕೊಯ್ದ ಗಿಟಾರು ಹಿಡಿದು ಕುಣಿಯುತ್ತಿದ್ದರು. ಅವರು ಕೇಳಿದ ಹಾಡುಗಳ ಪಟ್ಟಿ ‘ಸೌಂಡ್ಸ್’ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಮೇಡನ್ 1978ರ ಕೊನೆಯಲ್ಲಿ ಧ್ವನಿಮುದ್ರಿಸಿದ ಟೇಪು ನೀಲ್ ಕೈಗೆ ಬಿತ್ತು. ಅದರ ಒಂದು ಹಾಡು ಆ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1979ರ ನವೆಂಬರಿನಲ್ಲಿ ಅದೇ ಟೇಪಿನ 5000 ತಟ್ಟೆಗಳನ್ನು ಬ್ಯಾಂಡೇ ಅಂಚೆಯ ಮೂಲಕ ಮಾರಿತು. ಮರುವರ್ಷ ಇಎಂಐ ಸಂಗೀತ ಕಂಪನಿ ಹೊರತಂದ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನ ತಲುಪಿತು. ಮುಂದಿನ ಕತೆ ಎಲ್ಲರಿಗೂ ಗೊತ್ತು.

ಪಬ್ಬನ್ನು ಮೊದಲ ಮೆಟ್ಟಿಲು ಎಂದು ಕರೆದು ದಾಟಿಬಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈ ಸಂಗೀತಕ್ಕೆ ರೂಪ ಬಂದದ್ದೇ ಅಲ್ಲಿ. ಡೊಳ್ಳು ಕುಣಿತದ ಪಕ್ಕದಲ್ಲಿ ನಿಂತವರಿಗೆ ಗೊತ್ತು, ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ತಗ್ಗು ಸೂರಿನ ಕೋಣೆಯಲ್ಲಿ ಬಾಸ್ ಗಿಟಾರು ಕುದುರೆಯ ಖುರಪುಟದಂತೆ ಓಡುವಾಗ ಆಗುವುದೂ ಅದೇ. ಹಾಡು ಸಡಿಲವಾದರೆ ಮೂರಡಿ ದೂರದಲ್ಲಿ ನಿಂತವನು ಬೆನ್ನು ತಿರುಗಿಸಿ ಬಾರ್ ಕಡೆ ನಡೆಯುತ್ತಾನೆ, ಹಾಡುಗಾರನಿಗೆ ಅದು ಕಾಣುತ್ತದೆ. ಮೈದಾನದಲ್ಲಿ ಅಂಥ ಪಾಠ ಸಿಗದು.

ಬೆಂಗಳೂರಿಗೂ ಈ ಪಾಠಶಾಲೆ ಬಂತು. ಇಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್, ಆ ಬ್ರಿಟಿಷ್ ಮೆಟಲ್ ಧಾಟಿಯನ್ನೇ ಹಚ್ಚಿಕೊಂಡ ಬ್ಯಾಂಡ್, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ನಗರದ ಸಣ್ಣ ಬಾರೊಂದರಲ್ಲಿ ನಾನು ಇಂಥ ಒಂದು ಷೋ ನೋಡುತ್ತಿದ್ದೆ. ಗಿಟಾರಿನ ಕೇಬಲ್ಲು ನನ್ನ ಚಪ್ಪಲಿಗೆ ಸುತ್ತಿಕೊಂಡಿತು. ನುಡಿಸುವವನು ಸ್ವರ ತಪ್ಪದೆ ಕಾಲಿನಲ್ಲೇ ಅದನ್ನು ಬಿಡಿಸಿಕೊಂಡ. ಷೋ ಮುಗಿದ ಹತ್ತು ನಿಮಿಷಕ್ಕೆ ಅವನೇ ಬೆವರು ಒರೆಸಿಕೊಳ್ಳುತ್ತ ಬಾಗಿಲ ಬಳಿ ಮೇಜು ಹಾಕಿ ಟೀ ಶರ್ಟು ಮಾರುತ್ತಿದ್ದ.

ಇಂಥ ಜಾಗಗಳು ಉಳಿಯುವುದು ಕಷ್ಟ. ರಸ್ಕಿನ್ ಆರ್ಮ್ಸ್ ಮುಚ್ಚಿತು, ಕಾರ್ಟ್ ಅಂಡ್ ಹಾರ್ಸಸ್ ಉಳಿದಿದೆ. ನಮ್ಮಲ್ಲಿ ಸಾರ್ವಜನಿಕ ಮನರಂಜನೆಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಬೆಂಗಳೂರಿನ ಅನೇಕ ಪಬ್ಬುಗಳಲ್ಲಿ ಲೈವ್ ಸಂಗೀತವೇ ನಿಂತಿತ್ತು. ಪರವಾನಗಿ ಬೇಡ ಎನ್ನುತ್ತಿಲ್ಲ. ಐವತ್ತು ಜನರ ಕೋಣೆಗೂ ಐದು ನೂರು ಜನರ ಹಾಲಿಗೂ ಒಂದೇ ತಕ್ಕಡಿ ಬೇಡ.

ನಿಮ್ಮೂರಿನಲ್ಲಿ ಸಣ್ಣ ಷೋ ಇದ್ದರೆ ಟಿಕೆಟ್ ಕೊಂಡು ಹೋಗಿ. ಮೊದಲು ನುಡಿಸುವ ಹೊಸ ಬ್ಯಾಂಡಿನ ಹೊತ್ತಿಗೇ ಹೋಗಿ, ಆಗ ಕೋಣೆ ಅರ್ಧ ಖಾಲಿ ಇರುತ್ತದೆ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.