ಮೆಸ್ಸಿ ಊರಿನ ಬಂದೂಕು

ರೊಸಾರಿಯೊ ಅಂದರೆ ನಮ್ಮ ಹಾಸ್ಟೆಲ್‌ ಹುಡುಗರಿಗೆ ಮೆಸ್ಸಿ. ಚೆ ಗೆವಾರ ಹುಟ್ಟಿದ್ದೂ ಅಲ್ಲೇ. ಹಳೆಯ ಬಂದೂಕುಗಳ ಚರಿತ್ರೆ ಓದುವ ಹುಚ್ಚಿರುವ ನನಗೆ ಮಾತ್ರ ಅರ್ಜೆಂಟೀನಾದ ಆ ಊರು ಅಂದರೆ ‘ಪಾಮ್‌-1’. ಅಲ್ಲಿನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 1950ರ ದಶಕದಲ್ಲಿ ತಯಾರಿಸಿದ ಸಬ್‌ಮಷೀನ್‌ ಗನ್‌ ಅದು.

ಇದು ಅಮೆರಿಕದ ಎಂ3ಎ1ನ ನಕಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಮೂಲ ಬಂದೂಕನ್ನು ಮಾಡಿದ್ದು ಕಾರಿನ ಹೆಡ್‌ಲೈಟ್‌ ತಯಾರಿಸುವ ಕಾರ್ಖಾನೆ! ತಗಡು ಒತ್ತಿ, ಬೆಸೆದು ಮಾಡಿದ ಅದು ಗ್ಯಾರೇಜಿನ ಗ್ರೀಸ್‌ ಗನ್ನಿನಂತೆ ಕಾಣುತ್ತಿತ್ತು. ಅಡ್ಡಹೆಸರೂ ಅದೇ ಆಯಿತು. ಅರ್ಜೆಂಟೀನಾದವರು ಅದನ್ನು ತುಸು ಚಿಕ್ಕದು, ಹಗುರ ಮಾಡಿ 9 ಮಿ.ಮೀ. ಗುಂಡಿಗೆ ಹೊಂದಿಸಿದರು.

ತೊಡಕು ಇದ್ದದ್ದು ಸೇಫ್ಟಿಯಲ್ಲಿ. ಟ್ರಿಗರ್‌ ಎಳೆದರೆ ಹಿಂದೆ ನಿಂತ ಭಾರದ ಬೋಲ್ಟ್‌ ಸ್ಪ್ರಿಂಗಿನ ಬಲಕ್ಕೆ ಮುಂದೆ ನುಗ್ಗಿ, ಗುಂಡನ್ನು ತಳ್ಳಿಕೊಂಡು ಹೋಗಿ ಸಿಡಿಸುತ್ತದೆ. ಅದನ್ನು ತಡೆಯಲು ಇದ್ದದ್ದು ಖಾಲಿ ತೋಟಾ ಹೊರಬೀಳುವ ಕಿಂಡಿಯ ಮುಚ್ಚಳ ಮಾತ್ರ. ಮುಚ್ಚಳ ತೆರೆದಿದ್ದಾಗ ಬಂದೂಕು ಕೈಜಾರಿ ಬಿದ್ದರೆ? ಬಿದ್ದ ಏಟಿಗೆ ಬೋಲ್ಟ್‌ ಹಿಂದೆ ಜಿಗಿದು ಮತ್ತೆ ಮುಂದೆ ಬರಬಹುದು. ಟ್ರಿಗರ್‌ ಮುಟ್ಟದೆಯೇ ಗುಂಡು ಹಾರಬಹುದು. ಎನ್‌ಸಿಸಿ ಕ್ಯಾಂಪಿನಲ್ಲಿ ಸಾಧಾರಣ .22 ರೈಫಲ್‌ ಹಿಡಿದಾಗಲೇ ಅಂಗೈ ಬೆವರಿದ್ದ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು. 1960ರ ದಶಕದಲ್ಲಿ ಬಂದ ಪಾಮ್‌-2ರಲ್ಲಿ, ಮ್ಯಾಗಜೀನ್‌ ಕೂರುವ ಜಾಗದ ಹಿಂದೆ ಒಂದು ಸನ್ನೆ ಸೇರಿಸಿದರು. ಎಡಗೈಯಲ್ಲಿ ಅದನ್ನು ಹಿಸುಕಿ ಹಿಡಿದರಷ್ಟೇ ಗುಂಡು ಹಾರುತ್ತದೆ.

ಇಂಥ ಆಯುಧ ಹೊತ್ತವರಲ್ಲಿ ಸೈನ್ಯ ಬಯಸಿ ಸೇರಿದವರಷ್ಟೇ ಇರಲಿಲ್ಲ. ಕಡ್ಡಾಯ ಸೇವೆಗೆ ಹುಡುಗರನ್ನು ಆರಿಸುತ್ತಿದ್ದದ್ದು ಲಾಟರಿಯಿಂದ: ಗುರುತಿನ ಚೀಟಿಯ ಕೊನೆಯ ಮೂರು ಅಂಕಿಗೆ ಬಂದ ಸಂಖ್ಯೆ ಚಿಕ್ಕದಾದರೆ ಬಚಾವ್‌, ದೊಡ್ಡದಾದರೆ ನೌಕಾಪಡೆ. 1982ರಲ್ಲಿ ಸರ್ವಾಧಿಕಾರಿಗಳು ಫಾಕ್‌ಲ್ಯಾಂಡ್‌ ದ್ವೀಪಗಳಿಗೆ ಕಳಿಸಿದವರಲ್ಲಿ ಇಂಥ ಹತ್ತೊಂಬತ್ತರ ಆಸುಪಾಸಿನ ಹುಡುಗರು ಬಹಳ. ಹೆಚ್ಚಿನವರಿಗೆ ರೈಫಲ್‌ ಸಿಕ್ಕಿತ್ತು. ಕೆಲವರ ಪಾಲಿಗೆ ಪಾಮ್‌, ಇಲ್ಲವೇ ಅದರ ಜಾಗಕ್ಕೆ ಬಂದ ಎಫ್‌ಎಂಕೆ-3. ಮರವೇ ಇಲ್ಲದ ಬಟಾಬಯಲಿನಲ್ಲಿ ಹತ್ತಿರಕ್ಕಷ್ಟೇ ಎಟುಕುವ ಸಬ್‌ಮಷೀನ್‌ ಗನ್‌ ಎಷ್ಟರ ಉಪಯೋಗ? ಎದುರಿನ ಬ್ರಿಟಿಷರ ಬಳಿಯಿದ್ದ ಸ್ಟರ್ಲಿಂಗ್‌ಗೂ ಅದೇ ಮಿತಿ. ಕಾನ್ಪುರದಲ್ಲಿ ತಯಾರಾಗಿ ನಮ್ಮ ಪೊಲೀಸರ ಹೆಗಲೇರಿದ ಕಾರ್ಬೈನ್‌ ಆ ಸ್ಟರ್ಲಿಂಗ್‌ನದೇ ರೂಪ.

ಎಪ್ಪತ್ತನಾಲ್ಕು ದಿನಗಳಲ್ಲಿ ಅರ್ಜೆಂಟೀನಾದ 649 ಮಂದಿ ಸತ್ತರು. ಎಫ್‌ಎಂಕೆ-3ರ ಹಿಡಿಯಲ್ಲಿ ಆರಂಭದಿಂದಲೇ ಹಿಸುಕುವ ಸೇಫ್ಟಿ ಇತ್ತು. ಲಾಟರಿ ನಿಂತದ್ದು 1994ರಲ್ಲಿ, ಬ್ಯಾರಕ್ಕಿನೊಳಗೆ ಹೊಡೆತ ತಿಂದು ಒಬ್ಬ ಹುಡುಗ ಸತ್ತ ಮೇಲೆ.