ಪಾಸ್ ಕೊಟ್ಟವನ ಹೆಸರೇನು?

ರಿಯಲ್ ಮ್ಯಾಡ್ರಿಡ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಫುಟ್‌ಬಾಲ್. ಆ ಬಿಳಿ ಜರ್ಸಿ ಹಾಕ್ಕೊಂಡು ಓಡಾಡೋರು ನಮ್ಮ ಹಾಸ್ಟೆಲ್‌ಗಳಲ್ಲೇನು ಕಮ್ಮಿ ಇಲ್ಲ. ಆದರೆ ಅದೇ ಕ್ಲಬ್ಬಿಗೆ ಬಾಸ್ಕೆಟ್‌ಬಾಲ್ ತಂಡವೂ ಇದೆ. ಯುರೋಪಿನ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಯುರೋಲೀಗನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದಿರೋದೂ ಅದೇ ತಂಡ. 2011ರಿಂದ 2022ರವರೆಗೆ ಅದರ ಕೋಚ್ ಆಗಿದ್ದವರು ಪಾಬ್ಲೊ ಲಾಸೊ. ಸ್ಪೇನಿನಲ್ಲಿ ಬಾಸ್ಕೆಟ್‌ಬಾಲ್ ನೋಡುವವರಿಗೆ ಇವರು ಮನೆಮಾತು. ನಮ್ಮಲ್ಲಿ ಎಷ್ಟು ಜನ ಹೆಸರು ಕೇಳಿದ್ದೇವೆ?

ವೇಗದ ಹಾಗೇನೇ ಖ್ಯಾತಿಯೂ ಸಾಪೇಕ್ಷ. ಎಲ್ಲಿ ನಿಂತು ಅಳೀತೀವಿ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ. ಲಾಸೊ ವಿಷಯದಲ್ಲಿ ಇನ್ನೂ ಒಂದು ಕಾರಣ ಇದೆ: ಅವರು ಮಾಡಿದ ಕೆಲಸವೇ ಅಂಥದ್ದು.

1967ರಲ್ಲಿ ವಿಟೋರಿಯಾದಲ್ಲಿ ಹುಟ್ಟಿದ ಲಾಸೊ, ಆರಡಿಯೂ ಇಲ್ಲದ ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದೆ ತಂದು, ಯಾರು ಖಾಲಿ ಇದ್ದಾರೆ ನೋಡಿ, ಸರಿಯಾದ ಹೊತ್ತಿಗೆ ಅವರ ಕೈಗೆ ಮುಟ್ಟಿಸೋದು ಈ ಸ್ಥಾನದವರ ಕೆಲಸ. ಆ ಪಾಸ್‌ನಿಂದ ಬುಟ್ಟಿ ಬಿದ್ದರೆ ಲೆಕ್ಕದಲ್ಲಿ ಅದು 'ಅಸಿಸ್ಟ್'. ಪಾಯಿಂಟ್ ಮಾತ್ರ ಹಾಕಿದವನ ಖಾತೆಗೆ. 2003ರಲ್ಲಿ ನಿವೃತ್ತರಾದಾಗ ಸ್ಪೇನ್ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್ ಲಾಸೊ ಹೆಸರಿನಲ್ಲಿತ್ತು. ಎದುರಾಳಿಯಿಂದ ಚೆಂಡು ಕಸಿಯೋದರಲ್ಲೂ ಅವರೇ ಮೊದಲು. ಎರಡೂ ಪೋಸ್ಟರ್ ಆಗದ ದಾಖಲೆಗಳು.

ಕೋಚ್ ಆದ ಮೇಲೂ ಕಥೆ ಅದೇ. 2013, 2014ರಲ್ಲಿ ಸತತ ಎರಡು ಯುರೋಲೀಗ್ ಫೈನಲ್ ಸೋತರು. 2015ರಲ್ಲಿ ಗೆದ್ದಾಗ ಕ್ಲಬ್ಬಿನ ಇಪ್ಪತ್ತು ವರ್ಷಗಳ ಬರ ನೀಗಿತು. ಅದೇ ವರ್ಷ ಹದಿನಾರು ವಯಸ್ಸಿನ ಹುಡುಗನೊಬ್ಬನನ್ನು ಮುಖ್ಯ ತಂಡದಲ್ಲಿ ಅಂಗಳಕ್ಕೆ ಇಳಿಸಿದರು. ಅವನೇ ಲೂಕಾ ಡಾನ್ಸಿಚ್. 2018ರಲ್ಲಿ ಮತ್ತೆ ಯುರೋಲೀಗ್ ಬಂತು, ಡಾನ್ಸಿಚ್ ಅದರ ಅತ್ಯುತ್ತಮ ಆಟಗಾರನಾಗಿ ಅಮೆರಿಕದ ಎನ್‌ಬಿಎಗೆ ಹಾರಿದ. ಇವತ್ತು ಅವನನ್ನು ಜಗತ್ತೇ ಬಲ್ಲದು. ಇದಕ್ಕಿಂತ ಒಳ್ಳೆ ಅಸಿಸ್ಟ್ ಬೇಕಾ?

ಹನ್ನೊಂದು ವರ್ಷ, 22 ಪ್ರಶಸ್ತಿ. ಆಮೇಲೆ 2022ರ ಜೂನ್‌ನಲ್ಲಿ, ಲೀಗಿನ ಸೆಮಿಫೈನಲ್ ನಡೀತಿರುವಾಗಲೇ ಲಾಸೊಗೆ ಹೃದಯಾಘಾತ ಆಯಿತು. ಸಹಾಯಕ ಕೋಚ್ ಚೂಸ್ ಮತೆಯೊ ತಂಡವನ್ನು ಮುನ್ನಡೆಸಿ ಲೀಗ್ ಗೆಲ್ಲಿಸಿದರು. ಜುಲೈನಲ್ಲಿ ಕ್ಲಬ್ ವೈದ್ಯಕೀಯ ಕಾರಣ ಕೊಟ್ಟು ಲಾಸೊ ಅವರ ಒಪ್ಪಂದ ಮುಗಿಸಿತು. ಮರುವರ್ಷ ಮತೆಯೊ ಯುರೋಲೀಗನ್ನೂ ಗೆದ್ದರು. ಲಾಸೊ ಇಲ್ಲದೆಯೂ ಅವರು ಕಟ್ಟಿದ ತಂಡ ನಡೀತು. ಕಟ್ಟಿದವರಿಗೆ ಇದು ಹೆಮ್ಮೆಯೋ ನೋವೋ? ಬಹುಶಃ ಎರಡೂ.

ಆದರೆ ಆಟ ಅಲ್ಲಿಗೆ ಮುಗೀಲಿಲ್ಲ. 2023ರಲ್ಲಿ ಲಾಸೊ ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದರು. ಅದೂ ನಮಗೆ ಫುಟ್‌ಬಾಲ್‌ನಿಂದಲೇ ಗೊತ್ತಿರೋ ಹೆಸರು! ಮೊದಲ ಸೀಸನ್‌ನಲ್ಲೇ ಅಲ್ಲಿನ ಲೀಗ್, ಕಪ್ ಎರಡೂ ಬಂದವು.

ನಮ್ಮ ಪ್ರಾಜೆಕ್ಟ್ ಗುಂಪುಗಳಲ್ಲೂ ಡೆಮೊ ದಿನ ಚಪ್ಪಾಳೆ ಸಿಗೋದು ಮೈಕ್ ಹಿಡಿದವರಿಗೆ. ರಾತ್ರಿಯಿಡೀ ಕೂತು ಸರ್ಕ್ಯೂಟ್‌ನ ತಪ್ಪು ಹುಡುಕಿದವರ ಹೆಸರು ಸ್ಲೈಡಿನ ಮೂಲೆಯಲ್ಲಿ ಇದ್ದರೆ ಪುಣ್ಯ. ಮುಂದಿನ ಸಲ ಬಾಸ್ಕೆಟ್‌ಬಾಲ್ ಹೈಲೈಟ್ಸ್ ನೋಡುವಾಗ ವಿಡಿಯೋನ ಐದು ಸೆಕೆಂಡ್ ಹಿಂದಕ್ಕೆ ಎಳೆದು ನೋಡಿ. ಬುಟ್ಟಿಗೆ ಚೆಂಡು ಬೀಳೋಕೆ ಮುಂಚೆ ಅದು ಯಾರ ಕೈಯಲ್ಲಿತ್ತು?